ಮೈಲೋಮಾದಲ್ಲಿ ಬೆನ್ನುಮೂಳೆ ಕುಸಿದಿದೆ, ಸಿಮೆಂಟ್ ಹಾಕಿಸ್ಬೇಕಾ ಕಾಯ್ಬೇಕಾ?

ಪ್ರಶ್ನೆ: ನಮ್ಮಮ್ಮಂಗೆ 64 ವರ್ಷ, ತೂಕ 50 ಕೆಜಿ. ಐದು ತಿಂಗಳ ಹಿಂದೆ ನೀರು ತುಂಬಿದ ಕೊಡ ಎತ್ತುವಾಗ ಬೆನ್ನಲ್ಲಿ ಚಳಕ್ ಅಂತು ಅಂದ್ರು. ಊರಲ್ಲಿ ತೋರಿಸಿದ್ವಿ, ವಯಸ್ಸಾಯ್ತಲ್ಲ ಸವೆದಿದೆ ಅಂತ ಮೂರು ತಿಂಗಳು ನೋವಿನ ಇಂಜೆಕ್ಷನ್, ಮಾತ್ರೆ ಕೊಟ್ರು. ಆಮೇಲೆ ವಿಪರೀತ ಸುಸ್ತಾಗಿ ರಕ್ತ ಟೆಸ್ಟ್ ಮಾಡಿಸಿದ್ರೆ ಹಿಮೋಗ್ಲೋಬಿನ್ 8, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ 2.6. ಕೊನೆಗೆ ಮಲ್ಟಿಪಲ್ ಮೈಲೋಮಾ, ಅಂದ್ರೆ ಮೂಳೆ ಮಜ್ಜೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಎಂಆರ್‌ಐನಲ್ಲಿ ಬೆನ್ನಿನ ಡಿ12, ಎಲ್1 ಅನ್ನೋ ಎರಡೂ ಮಣಿ ಕುಸಿದಿವೆ. ಬೋರ್ಟೆಜೊಮಿಬ್ ಅನ್ನೋ ಮೈಲೋಮಾ ಔಷಧಿ ಶುರುವಾಗಿ ಆರು ವಾರ ಆಯ್ತು, ಕ್ರಿಯಾಟಿನಿನ್ 1.9ಕ್ಕೆ ಇಳಿದಿದೆ, ಆದ್ರೆ ನೋವು ಇಳಿದಿಲ್ಲ, ಎದ್ದು ಕೂತು ಊಟ ಮಾಡಕ್ಕೂ ಆಗ್ತಿಲ್ಲ. ಸ್ಪೈನ್ ಸರ್ಜನ್ ಕುಸಿದ ಮಣಿಯೊಳಗೆ ಸಿಮೆಂಟ್ ಹಾಕೋಣ ಅಂತಾರೆ, ಇನ್ನೊಬ್ರು ಕೀಮೋ ನಡೀಲಿ, ತಾನಾಗೇ ಸರಿಹೋಗತ್ತೆ ಅಂತಾರೆ. ಯಾರ ಮಾತು ಕೇಳೋದು? ಅಮ್ಮ ಮತ್ತೆ ಮೊದಲಿನ ಹಾಗೆ ಓಡಾಡ್ತಾರಾ?

ಉತ್ತರ: ಸಿಮೆಂಟ್ ವಿಷಯಕ್ಕೆ ಆಮೇಲೆ ಬರ್ತೀನಿ. ಇದನ್ನ ಓದ್ತಾ ಇರೋ ಹಾಗೇ ಎದ್ದು ಅಮ್ಮನ ಹತ್ರ ಹೋಗಿ. ಮಲಗಿದಲ್ಲೇ ಒಂದೊಂದೇ ಕಾಲು ಮೇಲೆತ್ತಕ್ಕೆ ಹೇಳಿ, ಪಾದ ತಮ್ಮ ಕಡೆಗೆ ಎಳೆದುಕೊಳ್ಳಕ್ಕೆ ಹೇಳಿ. ತೊಡೆ ಮೇಲೆ, ಕಾಲ ಸಂದಿಲಿ ಮುಟ್ಟಿದ್ರೆ ಎರಡೂ ಕಡೆ ಒಂದೇ ಥರ ಗೊತ್ತಾಗತ್ತಾ ಕೇಳಿ, ಮೂತ್ರ ತಡೆದು ತಡೆದು ಬರ್ತಿದ್ಯಾ ಅಥವಾ ಗೊತ್ತಾಗದ ಹಾಗೆ ಹೋಗ್ತಿದ್ಯಾ ಅಂತನೂ ಕೇಳಿ, ಸಂಕೋಚ ಬೇಡ. ಬೆನ್ನುಹುರಿ ಮುಗಿಯೋದೇ ಹೆಚ್ಚುಕಡಿಮೆ ಎಲ್1 ಹತ್ರ, ನಿಮ್ಮಮ್ಮನ ಮೂಳೆ ಕುಸಿದಿರೋದೂ ಅಲ್ಲೇ. ಮೂಳೆ ಚೂರಾಗಲಿ ಗಡ್ಡೆಯಾಗಲಿ ಹಿಂದಕ್ಕೆ ಬಂದು ಹುರಿನ ಒತ್ತಿದ್ರೆ ಕಾಲಲ್ಲಿ ಬಲ ಹೋಗತ್ತೆ, ಮೂತ್ರ ಕಟ್ಟತ್ತೆ, ಹಾಗಿದ್ರೆ ಬೆಳಿಗ್ಗೆ ಬಸ್ಸಿಗೆ ಹೊರಡೋಣ ಅನ್ನಬಾರದು, ರಾತ್ರಿನೇ ಎಂಆರ್‌ಐ ಇರೋ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗ್ಬೇಕು, ಅಲ್ಲಿ ಮೊದಲು ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್ ಕೊಟ್ಟು ಪೂರ್ತಿ ಬೆನ್ನಿನ ಸ್ಕ್ಯಾನ್ ಮಾಡಿ ರೇಡಿಯೇಷನ್ನೋ ಆಪರೇಷನ್ನೋ ತೀರ್ಮಾನ ಮಾಡ್ತಾರೆ. ನಡೀತಾ ಬಂದವರನ್ನ ನಡೆಯೋ ಹಾಗೆ ಉಳಿಸ್ಕೋಬಹುದು, ಕಾಲು ಪೂರ್ತಿ ಬಿದ್ದು ಒಂದೆರಡು ದಿನ ಆದ್ಮೇಲೆ ಬಂದವರನ್ನ ಮತ್ತೆ ನಡೆಸೋದು ಕಷ್ಟ.

ಇವೆಲ್ಲ ಸರಿಯಾಗಿದೆ, ಬರೀ ನೋವು ಅಂತಾದ್ರೆ ಮುಂದೆ ಓದಿ.

ಈ ಮೂಳೆ ಯಾಕೆ ಕುಸೀತು ಅನ್ನೋದು ಗೊತ್ತಾದ್ರೆ ಆ ಇಬ್ರು ಡಾಕ್ಟ್ರು ಏನು ಹೇಳ್ತಿದಾರೆ ಅಂತಾನೂ ಗೊತ್ತಾಗತ್ತೆ. ನಮ್ಮ ಮೂಳೆ ಮನೆ ಗೋಡೆ ಥರ ಒಂದ್ಸಲ ಕಟ್ಟಿ ಬಿಟ್ಟಿದ್ದಲ್ಲ, ದಿನಾ ಒಂದು ಜಾತಿ ಸೆಲ್ ಹಳೇ ಮೂಳೆ ಕೆರೆದು ತೆಗೀತಾ ಇರತ್ತೆ, ಇನ್ನೊಂದು ಜಾತಿ ಹೊಸದು ತುಂಬ್ತಾ ಇರತ್ತೆ. ಮೈಲೋಮಾ ಸೆಲ್ಲು ಮಜ್ಜೆಲಿ ಕೂತ್ಕೊಂಡು ಕೆರೆಯೋರಿಗೆ ಕುಮ್ಮಕ್ಕು ಕೊಡತ್ತೆ, ತುಂಬೋರ ಕೈ ಕಟ್ಟಿಹಾಕತ್ತೆ. ಎರಡೂ ಒಟ್ಟಿಗೆ. ಅದಕ್ಕೇ ಈ ಕಾಯಿಲೆ ಗೊತ್ತಾಗೋ ಹೊತ್ತಿಗೇ ನೂರಕ್ಕೆ ಸುಮಾರು 80 ಜನಕ್ಕೆ ಮೂಳೆಲಿ ತೂತು ಬಿದ್ದಿರತ್ತೆ. ಬೆನ್ನಿನ ಮಣಿ ಒಳಗಡೆ ಸ್ಪಂಜಿನ ಥರ ಇರೋದ್ರಿಂದ, ಇಡೀ ಮೈ ಭಾರ ಹೊರೋದೂ ಅದೇ ಆದ್ರಿಂದ, ಬೆಂಕಿಪೊಟ್ಟಣನ ಮೇಲಿಂದ ಅದುಮಿದ ಹಾಗೆ ಮುಂಭಾಗ ಚಪ್ಪಟೆ ಆಗಿ ಬೆನ್ನು ಮುಂದಕ್ಕೆ ಬಾಗತ್ತೆ. ಕೊಡ ಒಂದು ನೆಪ ಅಷ್ಟೇ. ಸೀನಿದ್ದಕ್ಕೆ ಕುಸಿದಿದ್ದನ್ನೂ ನೋಡಿದೀನಿ, ಆಟೋ ಒಂದು ಹಂಪ್ ಹಾರಿಸಿದ್ದಕ್ಕೆ ಕುಸಿದಿದ್ದನ್ನೂ ನೋಡಿದೀನಿ.

ಇದೇನು ಹೊಸ ಕಥೆ ಅಲ್ಲ. 1844ರಲ್ಲಿ ಲಂಡನ್ನಿನ ಮ್ಯಾಕ್‌ಬೀನ್ ಅನ್ನೋ ವ್ಯಾಪಾರಿ ರಜೆಗೆ ಹೋದವನು ಒಂದು ನೆಲಗುಹೆಯಿಂದ ಹಾರಿ ಮೇಲೆ ಬರುವಾಗ ಎದೆಯೊಳಗೆ ಏನೋ ಪಟ್ ಅಂದ ಹಾಗಾಯ್ತಂತೆ, ಅಲ್ಲಿಂದ ಶುರುವಾದ ನೋವು. ಆಗಿನ ಡಾಕ್ಟ್ರು ಎದೆಗೆ ಪಟ್ಟಿ ಹಾಕಿದ್ರು, ಜಿಗಣೆ ಬಿಟ್ರು, ಮುಂದೆ ಅವನ ಮೂತ್ರ ಬೆನ್ಸ್ ಜೋನ್ಸ್ ಅನ್ನೋ ಡಾಕ್ಟರ ಕೈಗೆ ಹೋಗಿ ಅದರಲ್ಲೊಂದು ವಿಚಿತ್ರ ಪ್ರೊಟೀನ್ ಸಿಕ್ತು. ಇವತ್ತಿಗೂ ನಿಮ್ಮಮ್ಮನ ರಿಪೋರ್ಟಲ್ಲಿ ಲೈಟ್ ಚೈನ್ ಅಂತ ಬರೆದಿರ್ತಾರಲ್ಲ, ಅದೇ ಪ್ರೊಟೀನು. ಕಿಡ್ನಿಯ ಸಣ್ಣ ಸಣ್ಣ ನಳಿಗೆಗಳಲ್ಲಿ ಕೂತು ಕಟ್ಟಿಸೋದೂ ಅದೇ.

ಅಲ್ಲಿಗೆ ನಿಮ್ಮ ಆ ಮೂರು ತಿಂಗಳ ಇಂಜೆಕ್ಷನ್ ವಿಷಯಕ್ಕೆ ಬಂದ್ವಿ. ಕಿಡ್ನಿ ಮೇಲೆ ಮೊದಲೇ ಲೈಟ್ ಚೈನ್ ಕೂತಿರುವಾಗ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಜಾತಿ ಮಾತ್ರೆ ಕೊಟ್ರೆ ಗಾಯದ ಮೇಲೆ ಬರೆ. ಯಾರನ್ನೂ ಬೈಯಕ್ಕೆ ಹೇಳ್ತಿಲ್ಲ, ಬೆನ್ನುನೋವು ಅಂತ ಬರೋ ನೂರು ಜನರಲ್ಲಿ ಮೈಲೋಮಾ ಇರೋರು ಒಬ್ರೂ ಸಿಗದೇ ಇರಬಹುದು, ಎಕ್ಸ್‌ರೇಲಿ ಕಾಣ್ಬೇಕು ಅಂದ್ರೂ ಮೂಳೆ ಮೂರನೇ ಒಂದು ಭಾಗನಾದ್ರೂ ಹೋಗಿರ್ಬೇಕು. ಆದ್ರೆ ಇನ್ಮೇಲೆ ಮನೇಲಿ ಆ ಸ್ಟ್ರಿಪ್ ಒಂದೂ ಇರಬಾರದು, ಮೆಡಿಕಲ್ ಶಾಪ್ ಹುಡುಗ ಸಲೀಸಾಗಿ ಕೊಡ್ತಾನೆ ಅಂತ ತರಬೇಡಿ. ಪ್ಯಾರಾಸಿಟಮಾಲ್ ಪರವಾಗಿಲ್ಲ, ಇಂಥ ನೋವಿಗೆ ಅದೊಂದೇ ಸಾಲಲ್ಲ. ಟ್ರಮಡಾಲ್, ಅದಕ್ಕೂ ಬಗ್ಗದಿದ್ರೆ ಮಾರ್ಫಿನ್ ಜಾತಿದು ಬೇಕಾಗತ್ತೆ. ಕ್ರಿಯಾಟಿನಿನ್ 1.9 ಇರುವಾಗ ಮಾರ್ಫಿನ್ ಮೈಯಲ್ಲಿ ಶೇಖರ ಆಗಿ ಮಂಪರು ಹತ್ತಬಹುದು, ಅದಕ್ಕೆ ಚರ್ಮಕ್ಕೆ ಅಂಟಿಸೋ ಫೆಂಟನಿಲ್ ಅಥವಾ ಬುಪ್ರೆನಾರ್ಫಿನ್ ಪ್ಯಾಚ್ ನಂಗೆ ವಾಸಿ ಅನ್ಸತ್ತೆ. ಮಾರ್ಫಿನ್ ಅಂದ ತಕ್ಷಣ ಅಯ್ಯೋ ಚಟ ಹತ್ತಲ್ವಾ, ಕೊನೇ ಹಂತನಾ ಅಂತ ಮನೆಯವರು ಗಾಬರಿ ಆಗ್ತಾರೆ. ಎರಡೂ ಅಲ್ಲ. ಮೂಳೆ ಮುರಿದಿದೆ, ನೋವಿದೆ, ಅದಕ್ಕೆ ತಕ್ಕ ಔಷಧಿ. ಜೊತೆಗೆ ಮೊದಲನೇ ದಿನದಿಂದ್ಲೇ ಮಲ ಸಲೀಸಾಗೋ ಸಿರಪ್ ಶುರು ಮಾಡಿ, ಮುರಿದ ಬೆನ್ನಲ್ಲಿ ತಿಣುಕೋದಕ್ಕಿಂತ ಹಿಂಸೆ ಇನ್ನೊಂದಿಲ್ಲ.

ಈಗ ಸಿಮೆಂಟು. ನೇರವಾಗಿ ಹೇಳ್ತೀನಿ, ನೀವು ಬರೆದಿರೋ ಪರಿಸ್ಥಿತಿಲಿ ನಾನು ಸರ್ಜನ್ ಕಡೆ. ಕೂತು ಊಟ ಮಾಡಕ್ಕೆ ಆಗ್ತಿಲ್ಲ ಅನ್ನೋ ಆ ಒಂದು ಮಾತಿಗೇ.

ಇನ್ನೊಬ್ರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಮೈಲೋಮಾ ಔಷಧಿ ಕೆಲಸ ಮಾಡಿದ ಹಾಗೆ ಮೂಳೆ ಕೊರೆಯೋದು ನಿಲ್ಲತ್ತೆ, ಬೋರ್ಟೆಜೊಮಿಬ್‌ಗಂತೂ ಮೂಳೆ ತುಂಬೋ ಸೆಲ್‌ಗಳನ್ನ ಎಬ್ಬಿಸೋ ಗುಣನೂ ಇದೆ, ಎಷ್ಟೋ ಜನಕ್ಕೆ ಔಷಧಿಯ ಎರಡನೇ ಮೂರನೇ ಸುತ್ತಿನ (ಸೈಕಲ್) ಹೊತ್ತಿಗೆ ನೋವು ಅರ್ಧಕ್ಕರ್ಧ ಇಳಿಯತ್ತೆ, ಅಂಥವರಿಗೆ ಸಿಮೆಂಟ್ ಬೇಡವೇ ಬೇಡ. ಆದ್ರೆ ನಿಮ್ಮಮ್ಮಂಗೆ ಆರು ವಾರ ಆಗಿದೆ, ಇಳಿದಿಲ್ಲ. ಇನ್ನೂ ಕಾಯೋದು ಅಂದ್ರೆ ಸುಮ್ನೆ ಕಾಯೋದಲ್ಲ, ಹಾಸಿಗೇಲಿ ಕಾಯೋದು. ಮಲಗಿದಲ್ಲೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟತ್ತೆ, ಲೆನಾಲಿಡೊಮೈಡ್ ಅನ್ನೋ ಮೈಲೋಮಾ ಮಾತ್ರೆ ಜೊತೆಗಿದ್ರೆ ಆ ಭಯ ಇನ್ನೂ ಜಾಸ್ತಿ. ಉಸಿರು ಪೂರ್ತಿ ತಗೊಳಕ್ಕಾಗದೆ ನ್ಯುಮೋನಿಯಾ ಬರತ್ತೆ, ತೊಡೆ ಸ್ನಾಯು ಕರಗತ್ತೆ, ಭಾರ ಬೀಳದ ಮೂಳೆ ಇನ್ನಷ್ಟು ಪೊಳ್ಳಾಗತ್ತೆ, ಮುಂದೆ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಅಂತ ಯಾರಾದ್ರೂ ಯೋಚನೆ ಮಾಡೋ ಹೊತ್ತಿಗೆ ಅದನ್ನ ತಡ್ಕೊಳೋ ಮೈ ಉಳಿದಿರಲ್ಲ.

ಸಿಮೆಂಟ್ ದಂಡ, ಬರೀ ಭ್ರಮೆ ಅಂತ ನೀವು ಎಲ್ಲೋ ಓದಿರ್ತೀರಾ ಅಥವಾ ಆ ಡಾಕ್ಟ್ರೇ ಹೇಳಿರ್ತಾರೆ. ಅದಕ್ಕೆ ಕಾರಣ 2009ರಲ್ಲಿ ಒಂದೇ ಸಲ ಬಂದ ಎರಡು ಅಧ್ಯಯನ. ಅದರಲ್ಲಿ ಅರ್ಧ ಜನಕ್ಕೆ ನಿಜವಾದ ಸಿಮೆಂಟು, ಅರ್ಧ ಜನಕ್ಕೆ ಸಿಮೆಂಟೇ ಇಲ್ಲದ ನಾಟಕದ ಆಪರೇಷನ್ ಮಾಡಿ ನೋಡಿದ್ರೆ ಇಬ್ರಿಗೂ ಒಂದೇ ಥರ ನೋವು ಇಳಿದಿತ್ತು. ದೊಡ್ಡ ಗಲಾಟೆನೇ ಆಯ್ತು. ಆದ್ರೆ ಅವರೆಲ್ಲ ವಯಸ್ಸಿಗೆ ಮೂಳೆ ಸವೆದು ಮುರಿದವರು, ಕ್ಯಾನ್ಸರ್‌ನಿಂದ ಮುರಿದವರಲ್ಲ. ಕ್ಯಾನ್ಸರ್ ಇರೋರನ್ನೇ, ಅದರಲ್ಲೂ ಮೈಲೋಮಾದವರು ತುಂಬಾ ಜನ ಇದ್ದ 134 ಮಂದಿಯನ್ನ ತಗೊಂಡು ಮಾಡಿದ ಅಧ್ಯಯನ 2011ರಲ್ಲಿ ಲ್ಯಾನ್ಸೆಟ್ ಆಂಕಾಲಜಿಲಿ ಬಂತು. ಬೆನ್ನುನೋವಿಂದ ದಿನದ ಬದುಕು ಎಷ್ಟು ಕೆಟ್ಟಿದೆ ಅಂತ 24 ಅಂಕದಲ್ಲಿ ಅಳೆಯೋ ಒಂದು ಪಟ್ಟಿ ಇದೆ, ಅಂಕ ಜಾಸ್ತಿ ಅಂದ್ರೆ ಕಷ್ಟ ಜಾಸ್ತಿ. ಬಲೂನ್ ಕೈಫೋಪ್ಲಾಸ್ಟಿ, ಅಂದ್ರೆ ಬಲೂನ್ ಊದಿ ಸಿಮೆಂಟ್ ತುಂಬೋದು, ಮಾಡಿಸ್ಕೊಂಡವರದ್ದು ಒಂದು ತಿಂಗಳಲ್ಲಿ 17.6ರಿಂದ 9.1ಕ್ಕೆ ಇಳೀತು, ಮಾಡಿಸ್ಕೊಳ್ದೆ ಬರೀ ಔಷಧಿಲಿದ್ದವರದ್ದು 18.2 ಇದ್ದಿದ್ದು 18.0. ಅಂದ್ರೆ ಇದ್ದಲ್ಲೇ ಇತ್ತು. ಅದರಲ್ಲಿ ನಾಟಕದ ಆಪರೇಷನ್ ಇರ್ಲಿಲ್ಲ, ಅಷ್ಟರ ಮಟ್ಟಿಗೆ ಪುರಾವೆ ಕಮ್ಮಿನೇ ಅನ್ನಿ. ಆದ್ರೂ ಆ ಎರಡು ಸಂಖ್ಯೆ ನಡುವಿನ ಅಂತರ ಸಣ್ಣದಲ್ಲ, ನಾನು ವಾರ್ಡಲ್ಲಿ ನೋಡೋದಕ್ಕೂ ಅದು ಹೊಂದತ್ತೆ.

ಹಾಗಂತ ಕುಸಿದ ಮಣಿಗೆಲ್ಲಾ ಸಿಮೆಂಟ್ ತುಂಬೋದಲ್ಲ. ಮೊದಲು ಆ ನೋವು ಆ ಮಣಿದೇನಾ ಅಂತ ಖಾತ್ರಿ ಆಗ್ಬೇಕು. ನಾನು ರೋಗಿನ ಪಕ್ಕಕ್ಕೆ ಮಲಗಿಸಿ ಬೆನ್ನಿನ ನಡುಗೆರೆ ಮೇಲೆ ಒಂದೊಂದೇ ಮಣಿನ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಬರ್ತೀನಿ, ಸುಮ್ನಿದ್ದವರು ಒಂದು ಕಡೆ ಬಂದಾಗ ಹಾ ಅಂತ ನನ್ನ ಕೈ ಹಿಡ್ಕೋತಾರೆ, ಅಲ್ಲಿ ಪೆನ್ನಲ್ಲಿ ಗುರುತು ಹಾಕ್ತೀನಿ. ಆಮೇಲೆ ಎಂಆರ್‌ಐ ನೋಡಿದ್ರೆ ಸ್ಟಿರ್ ಅನ್ನೋ ಸೀಕ್ವೆನ್ಸಲ್ಲಿ ಅದೇ ಮಣಿ ಬೆಳ್ಳಗೆ ಹೊಳೀತಿರ್ಬೇಕು, ಅಂದ್ರೆ ಒಳಗೆ ಇನ್ನೂ ಹಸಿ ಗಾಯ ಇದೆ ಅಂತ. ಕಪ್ಪಗಿದ್ರೆ ಅದು ವಾಸಿಯಾದ ಹಳೇ ಮುರಿತ, ಅದಕ್ಕೆ ಸಿಮೆಂಟ್ ಹಾಕಿದ್ರೆ ಬಿಲ್ ಬರತ್ತೆ ಅಷ್ಟೇ, ನೋವು ಹೋಗಲ್ಲ. ನಿಮ್ಮಮ್ಮನ ಎಂಆರ್‌ಐ ಎರಡು ತಿಂಗಳ ಹಿಂದಿನದು ಅನ್ಸತ್ತೆ, ಹೊಸದಾಗಿ ಮಾಡಿಸಿ, ಪೂರ್ತಿ ಬೆನ್ನಿಂದು. ಇಂಜೆಕ್ಷನ್ ಕೊಟ್ಟು ಮಾಡೋ ಕಾಂಟ್ರಾಸ್ಟ್ ಬೇಡ ಅಂತ ಮೊದಲೇ ಹೇಳಿ, ಇದಕ್ಕದು ಬೇಕಾಗಲ್ಲ, ಕಿಡ್ನಿ ಸೋತಿರುವಾಗ ಒಳ್ಳೇದೂ ಅಲ್ಲ. ಇನ್ನು ಮಣಿಯ ಹಿಂಭಾಗದ ಗೋಡೆ, ಬೆನ್ನುಹುರಿ ಕಡೆದು, ಗಟ್ಟಿಯಾಗಿದ್ಯಾ ಒಡೆದಿದ್ಯಾ ಅಂತ ಸಿಟಿ ಸ್ಕ್ಯಾನಲ್ಲಿ ನೋಡ್ತಾರೆ. ಒಡೆದಿದ್ರೆ ಆಗೋದೇ ಇಲ್ಲ ಅಂತಲ್ಲ, ಆದ್ರೆ ತುಂಬಾ ಕೈ ಪಳಗಿದವರೇ ಬೇಕು. ಬೆನ್ನೇ ಅಲುಗಾಡ್ತಿದೆ, ಮಣಿಗೆ ಮಣಿ ಜಾರ್ತಿದೆ ಅಂತಾದ್ರೆ ಸಿಮೆಂಟ್ ಸಾಲಲ್ಲ, ರಾಡು ಸ್ಕ್ರೂ ಹಾಕೋ ಆಪರೇಷನ್ ಲೆಕ್ಕಕ್ಕೆ ಬರತ್ತೆ.

ಪ್ಲೇಟ್ಲೆಟ್ 50 ಸಾವಿರದ ಮೇಲಿರ್ಬೇಕು. ಬೋರ್ಟೆಜೊಮಿಬ್ ಕೊಡೋ ವಾರಗಳಲ್ಲಿ ಅದು ಇಳಿದು, ಬಿಡುವಿನ ವಾರದಲ್ಲಿ ಮತ್ತೆ ಏರತ್ತೆ, ಅದಕ್ಕೆ ಸರ್ಜನ್ನೂ ಕೀಮೋ ಡಾಕ್ಟ್ರೂ ಒಂದು ಫೋನ್ ಮಾತಾಡಿ ಆ ಬಿಡುವಿನ ವಾರದಲ್ಲಿ ತಾರೀಕು ಇಟ್ಕೊಂಡ್ರೆ ಕೀಮೋ ಒಂದು ದಿನನೂ ತಪ್ಪಲ್ಲ. ಅವರಿಬ್ರೂ ಮಾತಾಡಿದಾರಾ ಅಂತ ನೀವೇ ಕೇಳಿ, ನಮ್ಮಲ್ಲಿ ಬೇರೆ ಬೇರೆ ಆಸ್ಪತ್ರೆ ಆದ್ರೆ ಮಧ್ಯೆ ಫೈಲ್ ಹೊತ್ಕೊಂಡು ಓಡಾಡೋ ಮಗನೋ ಮಗಳೋನೇ ಸೇತುವೆ. ಆಸ್ಪಿರಿನ್ನೋ ರಕ್ತ ತೆಳು ಮಾಡೋ ಬೇರೆ ಔಷಧಿನೋ ಇದ್ರೆ ಎಷ್ಟು ದಿನ ಮೊದಲು ನಿಲ್ಲಿಸ್ಬೇಕು ಅಂತ ಬರೆಸ್ಕೊಳ್ಳಿ. ಜ್ವರ, ಸೋಂಕು ಏನಾದ್ರೂ ಇದ್ರೆ ಮುಂದೂಡ್ಬೇಕು.

ಮಾಡೋದು ಹೇಗೆ ಅಂತ ಹೇಳ್ಬಿಡ್ತೀನಿ, ಬೆನ್ನುಮೂಳೆ ಆಪರೇಷನ್ ಅಂದ್ರೆ ಜನ ಏನೇನೋ ಕಲ್ಪಿಸ್ಕೋತಾರೆ. ಬೋರಲಾಗಿ ಮಲಗಿಸ್ತಾರೆ. ಪಕ್ಕೆಲುಬೂ ಪೊಳ್ಳಾಗಿರೋದ್ರಿಂದ ಕೆಳಗೆ ಮೆತ್ತಗೆ ದಿಂಬು ಕೊಡ್ಬೇಕು, ಎತ್ತಿ ಮಗುಚುವಾಗಲೇ ಪಕ್ಕೆ ಮುರಿದಿರೋ ಉದಾಹರಣೆ ಇವೆ. ಮರಗಟ್ಟೋ ಇಂಜೆಕ್ಷನ್ ಜೊತೆ ಸ್ವಲ್ಪ ಮಂಪರು, ಅಥವಾ ಪೂರ್ತಿ ಅರಿವಳಿಕೆ. ಸಿ ಆರ್ಮ್ ಅನ್ನೋ ಎಕ್ಸ್‌ರೇ ಪರದೆ ಮೇಲೆ ನೋಡ್ತಾ ನಡುಗೆರೆಯ ಆ ಕಡೆ ಈ ಕಡೆ ಒಂದೊಂದು ದಪ್ಪ ಸೂಜಿನ ಮಣಿಯೊಳಕ್ಕೆ ಇಳಿಸ್ತಾರೆ. ವರ್ಟಿಬ್ರೋಪ್ಲಾಸ್ಟಿ ಆದ್ರೆ ಸೀದಾ ಸಿಮೆಂಟು, ಕೈಫೋಪ್ಲಾಸ್ಟಿ ಆದ್ರೆ ಮೊದಲು ಸಣ್ಣ ಬಲೂನ್ ಊದಿ ಜಾಗ ಮಾಡಿ, ಬಲೂನ್ ತೆಗೆದು ಆ ಜಾಗಕ್ಕೆ ಸಿಮೆಂಟು. ಇದು ಮನೆ ಕಟ್ಟೋ ಸಿಮೆಂಟಲ್ಲ, ಮಂಡಿ ಬದಲಾಯಿಸುವಾಗ ಹಾಕ್ತಾರಲ್ಲ ಆ ಜಾತಿ ಅಕ್ರಿಲಿಕ್ಕು, ಪುಡಿ ಮತ್ತೆ ದ್ರವ ಕಲೆಸ್ತಿದ್ದ ಹಾಗೇ ಥಿಯೇಟರ್ ತುಂಬಾ ನೇಲ್ ಪಾಲಿಶ್ ಥರದ ಘಾಟು. ನೀರಾಗಿದ್ದಾಗ ಹಾಕಿದ್ರೆ ಸೋರತ್ತೆ, ಟೂತ್‌ಪೇಸ್ಟ್ ಹದಕ್ಕೆ ಬರೋವರೆಗೆ ಕಾಯ್ತಾರೆ, ಆಮೇಲೆ ಹನಿ ಹನಿಯಾಗಿ ತಳ್ತಾರೆ, ಒಂದು ಮಣಿಗೆ ಎರಡರಿಂದ ನಾಲ್ಕು ಎಂಎಲ್ ಸಾಕು. ಹತ್ತು ಹದಿನೈದು ನಿಮಿಷಕ್ಕೆ ಕಲ್ಲಾಗತ್ತೆ. ಒಂದು ಮಣಿಗೆ ಒಟ್ಟು ಅರ್ಧ ಗಂಟೆಯಿಂದ ಒಂದು ಗಂಟೆ. ಹೊಲಿಗೆ ಇದ್ರೂ ಒಂದೋ ಎರಡೋ. ಒಂದೆರಡು ಗಂಟೆ ಅಂಗಾತ ಮಲಗಿ, ಸಂಜೆಗೆ ಎದ್ದು ಬಾತ್‌ರೂಮಿಗೆ ಹೋಗೋರೇ ಹೆಚ್ಚು. ಎಲ್ಲರಿಗೂ ಹೀಗಾಗಲ್ಲ, ಕೆಲವರಿಗೆ ನೋವು ಅರ್ಧ ಮಾತ್ರ ಇಳಿಯತ್ತೆ, ಕೆಲವರಿಗೆ ಏನೂ ವ್ಯತ್ಯಾಸ ಆಗಲ್ಲ.

ಬಲೂನಿಂದ ಬೇಕಾ ಬರೀ ಸಿಮೆಂಟ್ ಸಾಕಾ ಅಂತ ದುಡ್ಡಿನ ಲೆಕ್ಕದಲ್ಲಿ ತಲೆ ಕೆಡಿಸ್ಕೋಬೇಡಿ. ನೋವು ಇಳಿಯೋದ್ರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಬಲೂನ್ ಊದಿ ಹಾಕಿದ್ರೆ ಸಿಮೆಂಟ್ ಸೋರೋದು ಕಮ್ಮಿ, ಎತ್ತರ ಒಂಚೂರು ವಾಪಸ್ ಬರಬಹುದು, ಆದ್ರೆ ಆ ಕಿಟ್ ದುಬಾರಿ. ಐದು ತಿಂಗಳಾದ ಮುರಿತದಲ್ಲಿ ಬಲೂನ್ ಊದಿದ್ರೂ ಎತ್ತರ ಏನೂ ಏಳಲ್ಲ, ನಾನಾಗಿದ್ರೆ ಹಿಂದಿನ ಗೋಡೆ ಗಟ್ಟಿ ಇದ್ರೆ ಬರೀ ವರ್ಟಿಬ್ರೋಪ್ಲಾಸ್ಟಿನೇ ಕೇಳ್ತಿದ್ದೆ.

ತೊಂದರೆ ಇಲ್ವಾ ಅಂದ್ರೆ ಇದೆ. ಸಿಮೆಂಟ್ ಒಂಚೂರು ಆಚೆ ಸೋರೋದು ಸಾಮಾನ್ಯ, ಬಹುಪಾಲು ಏನೂ ಆಗಲ್ಲ, ಸ್ಕ್ಯಾನಲ್ಲಿ ಕಾಣತ್ತೆ ಅಷ್ಟೇ. ಅಪರೂಪಕ್ಕೆ ನರದ ಕಡೆ ಸೋರಿ ಕಾಲಿಗೆ ತೊಂದ್ರೆ ಆಗಬಹುದು, ರಕ್ತನಾಳದ ಮೂಲಕ ಶ್ವಾಸಕೋಶಕ್ಕೆ ಹೋಗಬಹುದು, ಸೋಂಕು ತಗಲಬಹುದು. ಪಕ್ಕದ ಮಣಿ ಮುಂದೆ ಕುಸಿಯೋದೂ ಉಂಟು, ಅದು ಸಿಮೆಂಟಿಂದನಾ ಕಾಯಿಲೆಯಿಂದನಾ ಅಂತ ಡಾಕ್ಟ್ರುಗಳೇ ಇನ್ನೂ ಜಗಳ ಆಡ್ತಾರೆ. ಒಂದು ಲಾಭನೂ ಇದೆ, ಅದೇ ಸೂಜಿಲಿ ಆ ಮಣಿಯಿಂದ ಬಯಾಪ್ಸಿ ತೆಗೆಯಬಹುದು.

ರೇಡಿಯೇಷನ್ ಬಗ್ಗೆ ನೀವು ಕೇಳಿಲ್ಲ, ಯಾರಾದ್ರೂ ಹೇಳೇ ಹೇಳ್ತಾರೆ. ಮೈಲೋಮಾ ಸೆಲ್ ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗತ್ತೆ, 8 ಗ್ರೇ (ರೇಡಿಯೇಷನ್ ಅಳತೆ) ಒಂದೇ ಸಿಟ್ಟಿಂಗಲ್ಲಿ ಕೊಟ್ರೂ ನೋವು ಇಳಿಯತ್ತೆ. ಗಡ್ಡೆ ಮೂಳೆಯಿಂದ ಆಚೆ ಬಂದು ನರ ಒತ್ತಿದ್ರೆ ಅದೇ ಮೊದಲನೇ ಅಸ್ತ್ರ. ಆದ್ರೆ ಕುಸಿದ ಮಣಿಗೆ ಅದು ಬಲ ಕೊಡಲ್ಲ, ಕೆಲಸ ಮಾಡಕ್ಕೆ ವಾರಗಳು ತಗೊಳತ್ತೆ, ಬಿದ್ದ ಜಾಗದ ಮಜ್ಜೆನೂ ಸುಡತ್ತೆ. ಟ್ರಾನ್ಸ್‌ಪ್ಲಾಂಟ್ ಯೋಚನೆ ಇದ್ರೆ ಅಗಲಕ್ಕೆ ಕೊಡಿಸಬಾರದು.

ಸಿಮೆಂಟ್ ಗಟ್ಟಿ ಮಾಡೋದು ಎರಡು ಮಣಿನ. ಬೆನ್ನಲ್ಲಿ ಇನ್ನೂ ಎಷ್ಟೋ ಮಣಿ ಇವೆ, ಅವನ್ನ ಕಾಯೋದು ಮೈಲೋಮಾ ಔಷಧಿ ಮತ್ತೆ ಮೂಳೆ ಇಂಜೆಕ್ಷನ್ನು. ಸಾಮಾನ್ಯವಾಗಿ ಜೋಲೆಡ್ರೋನಿಕ್ ಆಸಿಡ್ 4 ಮಿಲಿಗ್ರಾಂ, ಮೂರ್ನಾಲ್ಕು ವಾರಕ್ಕೊಂದ್ಸಲ, ಡ್ರಿಪ್ಪಲ್ಲಿ 15 ನಿಮಿಷಕ್ಕೆ ಕಮ್ಮಿ ಇಲ್ಲದ ಹಾಗೆ. ಆದ್ರೆ ನಿಮ್ಮಮ್ಮಂಗೆ ಇಲ್ಲೊಂದು ಗುಂಡಿ ಇದೆ. ಕ್ರಿಯಾಟಿನಿನ್ 1.9 ಅಷ್ಟೇ ತಾನೇ ಅನ್ಸತ್ತೆ, 64 ವಯಸ್ಸು 50 ಕೆಜಿ ಹೆಂಗಸಿಗೆ ಲೆಕ್ಕ ಹಾಕಿ ನೋಡಿ: 140ರಲ್ಲಿ 64 ಕಳೆದ್ರೆ 76, ಅದನ್ನ 50ರಿಂದ ಗುಣಿಸಿ, ಹೆಂಗಸು ಅಂತ 0.85ರಿಂದ ಗುಣಿಸಿ, 72 ಗುಣಿಸು 1.9ರಿಂದ ಭಾಗಿಸಿದ್ರೆ ಕ್ಲಿಯರೆನ್ಸ್, ಅಂದ್ರೆ ಕಿಡ್ನಿ ಸೋಸೋ ಶಕ್ತಿ, 24ರ ಹತ್ರ ಬರತ್ತೆ. 30ಕ್ಕಿಂತ ಕಮ್ಮಿ ಇದ್ರೆ ಜೋಲೆಡ್ರೋನಿಕ್ ಕೊಡಬಾರದು, 30ರಿಂದ 60 ಇದ್ರೆ ಡೋಸ್ ಇಳಿಸಿ ಕೊಡ್ಬೇಕು. ಯಾರಾದ್ರೂ ಅಭ್ಯಾಸಬಲದಿಂದ ಚೀಟಿ ಬರೆದಿದ್ರೆ ಈ ಲೆಕ್ಕ ತೋರಿಸಿ. ಕ್ರಿಯಾಟಿನಿನ್ ಇಳೀತಾನೇ ಇದ್ರೆ ಇನ್ನೊಂದೆರಡು ಸೈಕಲ್ ಕಾಯಬಹುದು, ಇಲ್ಲಾಂದ್ರೆ ಡೆನೋಸುಮಾಬ್ 120 ಮಿಲಿಗ್ರಾಂ, ನಾಲ್ಕು ವಾರಕ್ಕೊಂದು ಚರ್ಮದಡಿ ಇಂಜೆಕ್ಷನ್, ಅದಕ್ಕೆ ಕಿಡ್ನಿ ಅಡ್ಡ ಬರಲ್ಲ. ಆದ್ರೆ ಕಿಡ್ನಿ ಸೋತವರಲ್ಲಿ ಅದು ಕ್ಯಾಲ್ಸಿಯಂನ ಪಾತಾಳಕ್ಕೆ ಇಳಿಸಬಹುದು, ವಿಟಮಿನ್ ಡಿ, ಕ್ಯಾಲ್ಸಿಯಂ ಚೆಕ್ ಮಾಡ್ತಾ ಇರ್ಬೇಕು, ಮಧ್ಯದಲ್ಲಿ ದುಡ್ಡಿಲ್ಲ ಅಂತ ದಿಢೀರ್ ನಿಲ್ಲಿಸಿದ್ರೆ ಮಣಿಗಳು ಸಾಲಾಗಿ ಕುಸಿಯೋ ಅಪಾಯ ಇದೆ. ಎರಡರಲ್ಲಿ ಯಾವುದೇ ಆದ್ರೂ ಮೊದಲು ಹಲ್ಲಿನ ಡಾಕ್ಟ್ರಿಗೆ ತೋರಿಸಿ ಕೀಳೋ ಹಲ್ಲು ಇದ್ರೆ ಈಗಲೇ ಕೀಳಿಸಿ. ಇಂಜೆಕ್ಷನ್ ಶುರುವಾದ್ಮೇಲೆ ಕಿತ್ರೆ ದವಡೆ ಮೂಳೆ ಮಾಯದೆ ಹಾಗೇ ತೆರ್ಕೊಂಡು ಕೂರಬಹುದು. ಕ್ಯಾಲ್ಸಿಯಂ ಮಾತ್ರೆನೂ ರಕ್ತದಲ್ಲಿ ಎಷ್ಟಿದೆ ನೋಡಿನೇ ಕೊಡಿ, ಮೈಲೋಮಾದಲ್ಲಿ ಅದು ಏರಿರೋದೂ ಉಂಟು. ವಿಪರೀತ ಬಾಯಾರಿಕೆ, ಮಲ ಕಟ್ಟೋದು, ಮಂಪರು, ಗೊಂದಲ ಕಂಡ್ರೆ ಅವತ್ತೇ ಟೆಸ್ಟ್ ಮಾಡಿಸಿ.

ಬೆಲ್ಟ್ ಕೇಳಿರ್ತೀರಾ. ಟೇಲರ್ ಬ್ರೇಸ್ ಅಂತ ಸಿಗತ್ತಲ್ಲ, ಕೂರುವಾಗ ನಿಲ್ಲುವಾಗ ಹಾಕಿ, ಮಲಗಿದಾಗ ಬಿಚ್ಚಿ, ಕೆಲವು ವಾರಕ್ಕೆ ಅಷ್ಟೇ. ವರ್ಷಗಟ್ಟಲೆ ಕಟ್ಕೊಂಡಿದ್ರೆ ಬೆನ್ನಿನ ಸ್ನಾಯು ಸೋಮಾರಿ ಆಗತ್ತೆ. ಹಾಸಿಗೆಯಿಂದ ಏಳುವಾಗ ಸೀದಾ ಎದ್ದು ಕೂರಬಾರದು, ಮರದ ದಿಮ್ಮಿ ಉರುಳಿಸಿದ ಹಾಗೆ ಭುಜ ಸೊಂಟ ಒಟ್ಟಿಗೆ ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳ್ಬೇಕು. ನೆಲದ ಕಕ್ಕಸಿದ್ರೆ ಮೇಲೊಂದು ಕಮೋಡ್ ಕುರ್ಚಿ ತನ್ನಿ. ಬಗ್ಗಿ ಕಸ ಗುಡಿಸೋದು, ಬಕೆಟ್ ಎತ್ತೋದು, ಸ್ಕೂಟರ್ ಹಿಂದೆ ಕೂರೋದು ಬೇಡ. ಬೆನ್ನು ತಿಕ್ಕಿಸೋದು, ಮೂಳೆ ಕೂರಿಸೋರ ಹತ್ರ ಎಳೆಸೋದು ಖಂಡಿತ ಬೇಡ, ಕೈಮುರಿದವರಿಗೆ ಅವರು ಏನು ಮಾಡ್ತಾರೋ ಗೊತ್ತಿಲ್ಲ, ಈ ಬೆನ್ನನ್ನ ಅದುಮಿದ್ರೆ ಉಳಿದ ಮಣಿನೂ ಪುಡಿ.

ಮೊದಲಿನ ಹಾಗೆ ಓಡಾಡ್ತಾರಾ ಅಂತ ಕೇಳಿದ್ರಿ. ಕುಗ್ಗಿದ ಎತ್ತರ ವಾಪಸ್ ಬರಲ್ಲ, ರವಿಕೆ ಮುಂದೆ ಬಿಗಿ ಹಿಂದೆ ಸಡಿಲ ಅಂತ ಹೇಳ್ತಾರೆ, ಅದು ಹಾಗೇ ಇರತ್ತೆ. ಹೊಟ್ಟೆಗೂ ಜಾಗ ಕಮ್ಮಿ ಆಗಿರೋದ್ರಿಂದ ಎರಡು ತುತ್ತಿಗೇ ಸಾಕು ಅಂತಾರೆ, ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಿ. ಆದ್ರೆ ಮನೆಯೊಳಗೆ ಓಡಾಡೋದು, ಕೂತು ಸೊಪ್ಪು ಸೋಸೋದು, ಸಂಜೆ ಜಗಲಿ ಮೇಲೆ ಬಂದು ಕೂರೋದು, ಇದು ಆಗತ್ತೆ ಅನ್ನೋ ನಂಬಿಕೆ ನಂಗಿದೆ, ಔಷಧಿ ಕೇಳ್ತಿದೆ ಅಂತ ಕ್ರಿಯಾಟಿನಿನ್ನೇ ಹೇಳ್ತಿದೆಯಲ್ಲ. ಕೊಡ ಮಾತ್ರ ಇನ್ಮೇಲೆ ನೀವೇ ಎತ್ತಿ. ಹೊಸ ಎಂಆರ್‌ಐ ಬಂದ್ಮೇಲೆ ಸ್ಟಿರ್‌ನಲ್ಲಿ ಯಾವ ಯಾವ ಮಣಿ ಬೆಳ್ಳಗಿದೆ, ಹಿಂದಿನ ಗೋಡೆ ಹೇಗಿದೆ ಅಂತ ಎರಡು ಸಾಲು ಬರೆದು ಕಳಿಸಿ, ಪ್ಲೇಟ್ಲೆಟ್ ಸಂಖ್ಯೆನೂ ಹಾಕಿ.